ಚಾವಿಯಿಲ್ಲದೆ ತಿರುಗಿದ ಫ್ಯಾನು

ನನ್ನ ಗಂಡನ ಬಲಗೈಯ ಎರಡು ಬೆರಳು ಸಂಡೂರಿನ ಘಾಟಿಯಲ್ಲೇ ಉಳಿದವು. ಯಾರೂ ಹುಡುಕಲಿಲ್ಲ. ಬೆರಳು ಹುಡುಕುವುದಕ್ಕಿಂತ ಅಣ್ಣ ತಮ್ಮಂದಿರನ್ನು ಬಿಡಿಸುವುದೇ ದೊಡ್ಡ ಕೆಲಸವಾಯಿತೆಂದು ಆ ದಾರಿಯಲ್ಲಿ ಬಂದ ಅದಿರು ಲಾರಿಯವರು ಆಮೇಲೆ ಹೇಳಿದರು. ಬಲಗೈಯಿಂದ ರಕ್ತ ಸುರಿಯುತ್ತಿರುವಾಗಲೇ ಎಡಗೈಯಲ್ಲಿ ಜಾಕಿನ ರಾಡು ಹಿಡಿದು ನನ್ನ ಗಂಡ ತಮ್ಮನನ್ನು ರಸ್ತೆ ತುಂಬ ಅಟ್ಟಾಡಿಸಿದ್ದನಂತೆ.

ಅವನು ಬದುಕಿದ್ದ ತನಕ ಬಹುವಚನದಲ್ಲೇ ಮಾತಾಡಿಸಿದೆ. ಈಗ ಏಕವಚನ ಸಾಕು.

ನಾನು ಕಂಪ್ಲಿ ಹತ್ತಿರದ ಮೆಟ್ರಿಗೆ ಸೊಸೆಯಾಗಿ ಬಂದಾಗ ಹೊಲಗಳಿಗೆ ಕಾಲುವೆ ನೀರು ಬಂದು ಕೆಲವು ವರ್ಷವಾಗಿತ್ತು. ಮೊದಲು ಅಲ್ಲಿ ಜೋಳ ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ, ಹೊಡೆದಾಡಲಿಕ್ಕೂ ಏನೂ ಇರಲಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು. ನೀರು ಬಂತು, ಭತ್ತ ಬಂತು, ಬಾಳೆ ಬಂತು, ಗಾರೆ ನೆಲದ ಮನೆ ಬಂತು. ಅದರ ಹಿಂದೆಯೇ ತೂಬಿನ ಹತ್ತಿರ ತಲೆ ಒಡೆಯುವುದೂ ಬಂತು. ನೀರಿಗೆ ಪಾಳಿ ಇರುತ್ತಿತ್ತು. ಒಬ್ಬನ ಪಾಳಿ ಮುಗಿಯುವ ಮುಂಚೆ ಇನ್ನೊಬ್ಬ ಮಣ್ಣಿನ ಕಟ್ಟೆ ಒಡೆದು ತನ್ನ ಗದ್ದೆಗೆ ತಿರುಗಿಸಿಕೊಂಡರೆ ಸಲಿಕೆ ಮೇಲೇಳುತ್ತಿತ್ತು. ಎರಡು ಕಾಲುವೆ ಬೆಳೆ ತೆಗೆದ ಮನೆಯಲ್ಲಿ ಒಬ್ಬನಿಗಾದರೂ ಹೊಲಿಗೆ ಹಾಕಿದ ಗಾಯ ಇದ್ದೇ ಇರುತ್ತಿತ್ತು.

ನನ್ನ ಗಂಡ ಅಣ್ಣ, ನನ್ನ ಮೈದುನ ತಮ್ಮ. ಇಬ್ಬರೂ ಸೇರಿ ಒಂದು ಹಳೆಯ ಪಿಕಪ್ ಗಾಡಿ ತಂದರು. ಅಣ್ಣ ಓಡಿಸುವವನು, ತಮ್ಮ ಪಕ್ಕದಲ್ಲಿ ಕೂತು ಹೋಗಿ ಮಾಲು ಏರಿಸುವವನು, ಇಳಿಸುವವನು. ಬಾಳೆಗೊನೆ ಹೊಸಪೇಟೆಗೆ ಹೋಗುತ್ತಿತ್ತು. ಅಲ್ಲಿಂದ ತರಕಾರಿ ತುಂಬಿಕೊಂಡು ಘಾಟಿ ಹತ್ತಿ ದೋಣಿಮಲೈ ಗಣಿ ಕಾಲೊನಿಗೆ ಇಳಿಸಿ ಬರುತ್ತಿದ್ದರು.

ಆ ಗಾಡಿಯ ಫ್ಯಾನು ಇಂಜಿನ್ನಿಗೇ ಸೇರಿದ್ದು. ಕಬ್ಬಿಣದ ತಗಡಿನ ರೆಕ್ಕೆ, ರಬ್ಬರಿನ ಬೆಲ್ಟು. ಇಂಜಿನ್ ತಿರುಗಿದರೆ ಬೆಲ್ಟು ಎಳೆಯುವುದು, ಫ್ಯಾನು ತಿರುಗುವುದು, ರೇಡಿಯೇಟರಿನ ನೀರು ಆರುವುದು. ಇಂಜಿನ್ ನಿಂತರೆ ಫ್ಯಾನೂ ನಿಂತಿತು. ಅಷ್ಟು ನನಗೂ ಗೊತ್ತಿತ್ತು, ಏಕೆಂದರೆ ಸವೆದ ಬೆಲ್ಟುಗಳೆಲ್ಲ ನಮ್ಮ ಮನೆಗೇ ಬರುತ್ತಿದ್ದವು. ಬಾಗಿಲ ಹಿಂದಿನ ಮೊಳೆಗೆ ನೇತು ಹಾಕುತ್ತಿದ್ದ. ಬೇರೆ ಮನೆಗಳಲ್ಲಿ ಹೆಂಡತಿಗೆ ಬಾರುಕೋಲು, ನಮ್ಮಲ್ಲಿ ಫ್ಯಾನ್ ಬೆಲ್ಟು. ಅದರ ಒಳಮೈಯಲ್ಲಿ ಹಲ್ಲಿನ ಹಾಗೆ ಗೀರು ಇರುತ್ತದೆ, ಬಿದ್ದ ಕಡೆ ಗೀರು ಗೀರಾಗಿಯೇ ಏಳುತ್ತದೆ. ಒಂದು ಸಲ ನಾನೂ ಅದನ್ನೇ ಕಿತ್ತುಕೊಂಡು ಅವನ ಮುಖಕ್ಕೆ ಬಾರಿಸಿದೆ. ಕಿವಿಯಿಂದ ಗಲ್ಲದ ತನಕ ಬಾಸುಂಡೆ ಎದ್ದಿತು. ಓಡುವ ಬೆಲ್ಟು ಹರಿದು ಬಡಿಯಿತೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಘಾಟಿಯಲ್ಲಿ ಆದದ್ದು ಇಷ್ಟು. ಹಿಂದಿನ ದಿನ ತೂಬಿನ ಹತ್ತಿರ ನೀರಿನ ಪಾಳಿಗೆ ಜಗಳವಾಗಿ ನನ್ನ ಗಂಡ ತಮ್ಮನ ಬೆನ್ನಿಗೆ ಸಲಿಕೆಯ ಮರದ ಕಾವಿನಿಂದ ಎರಡು ಬಿಟ್ಟಿದ್ದ. ಮರುದಿನ ಇಬ್ಬರೂ ಒಂದೇ ಗಾಡಿಯಲ್ಲಿ ತರಕಾರಿ ಹೇರಿಕೊಂಡು ಹೋದರು. ಜಗಳ ಆಡಿದರೂ ಕೆಲಸ ನಿಲ್ಲುತ್ತದೆಯೆ? ಏರಿನಲ್ಲಿ ರೇಡಿಯೇಟರಿನ ನೀರು ಕುದಿಯಿತು. ಗಾಡಿ ನಿಲ್ಲಿಸಿ, ಗೇರಿಗೆ ಹಾಕಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ನನ್ನ ಗಂಡ ಬಾನೆಟ್ಟು ಎತ್ತಿ ಬೆಲ್ಟು ಸಡಿಲವಾಗಿದೆಯೇ ಎಂದು ಬೆರಳಿಟ್ಟು ನೋಡಿದ. ತಮ್ಮ ಒಳಗೆ ಬ್ರೇಕು ತುಳಿದುಕೊಂಡು ಕೂತಿದ್ದ. ಫ್ಯಾನು ಒಂದೇ ಒಂದು ಸುತ್ತು ತಿರುಗಿತು. ಬೆರಳು ಬೆಲ್ಟಿನೊಳಗೆ ಹೋಗಿ, ಅದು ಸುತ್ತುವ ಪುಲ್ಲಿಯಿಂದ ಹೊರಗೆ ಬರುವಾಗ ಕೈಗೆ ಅಂಟಿಕೊಂಡಿರಲಿಲ್ಲ.

"ಅವ ಚಾವಿ ತಿರುವ್ಯಾನ. ಬೆನ್ನಿಗೆ ಬಿದ್ದ ಏಟಿನ ಸೇಡು ತೀರಿಸ್ಯಾನ," ಎಂದ ಅಣ್ಣ.

"ಇಲ್ಲೋ ಯಣ್ಣ, ಕಲ್ಲು ಜಾರ್ತು, ಬ್ರೇಕು ಹಿಡೀಲಿಲ್ಲ, ಗಾಡಿ ಹಿಂದಕ್ಕ ಸರೀತು, ಗೇರ್‌ನ್ಯಾಗ ಇತ್ತಲ್ಲ, ಅದಕ್ಕ ಇಂಜಿನ್ ತಿರುಗ್ತು. ನಾ ಚಾವಿ ಮುಟ್ಟಿಲ್ಲ," ಎಂದ ತಮ್ಮ.

ಕಲ್ಲು ಜಾರಿತೋ, ಚಾವಿ ತಿರುಗಿತೋ, ನಾನು ಅಲ್ಲಿರಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ. ನೋಡಿದ್ದವರು ಅವರಿಬ್ಬರೇ, ಇಬ್ಬರ ಮಾತನ್ನೂ ನಂಬುವ ಹಾಗಿರಲಿಲ್ಲ.

ಅಂಗಳದ ನಡುವೆ ಗೋಡೆ ಎದ್ದಿತು. ಗಾಡಿ ಅಣ್ಣನ ಪಾಲಿಗೆ ಬಂತು. ಅಂದಿನಿಂದ ನನ್ನ ಗಂಡ ಗಾಡಿಯ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಸ್ನಾನಕ್ಕೂ ಬಿಚ್ಚಲಿಲ್ಲ, ನನ್ನ ಪಕ್ಕ ಮಲಗಿದಾಗಲೂ ಬಿಚ್ಚಲಿಲ್ಲ. ನನ್ನ ಹೊಟ್ಟೆಯ ಮೇಲೆ ಆ ಚಾವಿಯ ಗುರುತು ಇರುತ್ತಿತ್ತು. ಊರಿನವರ ಮುಂದೆಲ್ಲ ಒಂದೇ ಮಾತು, "ಅವ ನನ್ನ ಬೆರಳು ತಗದಾನ. ನಾ ಅವನ ತಲಿ ತಗೀತೀನಿ." ಕುಡಿದು ಹೇಳಿದ್ದರೆ ನನಗೆ ಹೆದರಿಕೆ ಆಗುತ್ತಿರಲಿಲ್ಲ. ಕುಡಿಯದೆ ಹೇಳುತ್ತಿದ್ದ.

ಅವನು ತಮ್ಮನನ್ನು ಕೊಂದರೆ ಒಬ್ಬ ಸುಡುಗಾಡಿಗೆ, ಒಬ್ಬ ಬಳ್ಳಾರಿ ಜೈಲಿಗೆ. ಎರಡು ಮನೆಯ ಗದ್ದೆಗೂ ನೀರು ಹಾಯಿಸುವವಳು ನಾನು. ನನಗೆ ಪ್ರೀತಿ ಉಕ್ಕಿ ಬಂದು ತಡೆದೆ ಎಂದು ಯಾರೂ ತಿಳಿಯುವುದು ಬೇಡ.

ದಿನಾ ಬೆಳಿಗ್ಗೆ ಗಾಡಿ ಚಾಲೂ ಮಾಡಿ ಬಾನೆಟ್ಟು ಎತ್ತಿ ಆ ಫ್ಯಾನಿನ ಮುಂದೆ ನಿಲ್ಲುತ್ತಿದ್ದ. ಅದು ತಿರುಗುವುದನ್ನು ನೋಡುತ್ತ ನೋಡುತ್ತ ಅವನ ದವಡೆ ಬಿಗಿಯಾಗುತ್ತಿತ್ತು. ಆಮೇಲೆ ಒಳಗೆ ಬಂದು ಬೆಲ್ಟು ತೆಗೆದು ನನಗೆ ಹೊಡೆಯುತ್ತಿದ್ದ. ಎಡಗೈ ಏಟು, ಅರ್ಧ ನನಗೆ, ಅರ್ಧ ಗೋಡೆಗೆ. ಅತ್ತ ಘಾಟಿಯಲ್ಲಿ ದಿನಾ ನೀರು ಕುದಿಯುತ್ತಿತ್ತು. ಉಳಿದ ಬೆರಳುಗಳಲ್ಲಿ ಬೆಲ್ಟು ಬಿಗಿ ಮಾಡಲು ಅವನಿಗೆ ಆಗುತ್ತಿರಲಿಲ್ಲ.

"ಆ ಫ್ಯಾನ್ ಕಿತ್ತು ಒಗಸ್ರಿ. ಕಾರಿಗೆ ಕರೆಂಟಿನ ಫ್ಯಾನ್ ಇರ್ತಾವಂತ, ಅಂಥಾದ್ದು ಹಾಕಸ್ರಿ," ಎಂದೆ.

"ನೀ ಯಾವಾಗ ಮೇಸ್ತ್ರಿ ಆದಿ?"

"ನಿಮ್ಮ ಬೆಲ್ಟ್ ತಿಂದು ತಿಂದು ಆಗೀನಿ."

ಆ ಮಾತಿಗೂ ಒಂದು ಬಿತ್ತು. ಆದರೆ ಹೊಸಪೇಟೆಗೆ ಹೋದ. ನಾನೂ ಹೋದೆ. ತಮ್ಮನ ಗದ್ದೆಯ ಪಕ್ಕವೇ ದಾರಿ, ಇವನನ್ನು ಒಬ್ಬನನ್ನೇ ಬಿಡುವ ಧೈರ್ಯ ನನಗಿರಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ವಯಸ್ಸಾದ ಸಾಬರು, ಬಾಯಲ್ಲಿ ಎಲೆ ಅಡಿಕೆ. ಹಳೆಯ ಫ್ಯಾನಿನ ನಾಲ್ಕು ಬೋಲ್ಟು ಬಿಚ್ಚಿ ಹೊರಗೆ ತೆಗೆದರು. ಪುಲ್ಲಿ ಅಲ್ಲೇ ಉಳಿಯಿತು. ನೀರಿನ ಪಂಪಿಗೆ, ಡೈನಮೊಗೆ ಬೆಲ್ಟು ಬೇಕೇ ಬೇಕಂತೆ. ಬೆಲ್ಟೂ ಹೋಗುತ್ತದೆ ಎಂದು ಆಸೆ ಪಟ್ಟಿದ್ದ ನನಗೆ ಅದೊಂದು ನಿರಾಸೆ. ಗುಜರಿ ಕಾರಿನದೊಂದು ಪ್ಲಾಸ್ಟಿಕ್ ರೆಕ್ಕೆಯ ಫ್ಯಾನು ತಂದು, ಅದರ ಮೋಟಾರು ಸಮೇತ, ರೇಡಿಯೇಟರಿನ ಹಿಂದೆ ಪಟ್ಟಿ ಬಡಿದು ಕೂರಿಸಿದರು. ರೇಡಿಯೇಟರಿಗೆ ಒಂದು ಸಣ್ಣ ಸ್ವಿಚ್ಚು ತಿರುಪಿದರು. ನೀರು ಕಾದರೆ ಅದು ತಾನೇ ಫ್ಯಾನು ಹಚ್ಚುತ್ತದೆ, ಆರಿದರೆ ತಾನೇ ನಿಲ್ಲಿಸುತ್ತದೆ.

ವೈರು ಎಳೆಯುವಾಗ ಮೇಸ್ತ್ರಿ ಕೇಳಿದರು, "ಅಣ್ಣಾರ, ಚಾವಿಯಿಂದ ಕೊಡ್ಲೇನ್ರಿ? ಚಾವಿ ಬಂದ್ ಮಾಡಿದ್ರ ಫ್ಯಾನೂ ಬಂದ್ ಆಕೈತಿ."

ನನ್ನ ಗಂಡನ ಮುಖ ಕಪ್ಪಾಯಿತು. "ಚಾವಿ ಹೆಸರು ಎತ್ತಬ್ಯಾಡ್ರಿ. ಫ್ಯಾನಿಗೂ ಚಾವಿಗೂ ಸಂಬಂಧನ ಬ್ಯಾಡ. ನೇರ ಬ್ಯಾಟ್ರಿಗೆ ಕೊಡ್ರಿ."

"ಹಂಗ ಕೊಟ್ರ ಗಾಡಿ ಬಂದ್ ಮಾಡಿದ್ ಮ್ಯಾಲೂ ತಿರುಗತೈತ್ರಿ. ಕಾವು ಇದ್ರ ಸಾಕು, ಅದಕ್ಕ ಯಾರೂ ಬ್ಯಾಡ."

"ಅದ ಬೇಕು ನನಗ. ಯಾರೂ ಬ್ಯಾಡ. ಮನುಷ್ಯಾರ ಕೈಯಾಗ ಇರಬಾರದು."

ಮೇಸ್ತ್ರಿ ನನ್ನ ಕಡೆ ನೋಡಿದರು. ವೈರು ಹಚ್ಚಿ, ರೇಡಿಯೇಟರಿನ ಮುಂದೆ ಒಂದು ಬಟ್ಟೆ ತುಂಡು ಹಿಡಿದರು. ಬಟ್ಟೆ ಮುಂದಕ್ಕೆ ಹಾರಿತು. ವೈರು ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿದೆ ಎಂದು ಬೈದುಕೊಂಡು ಬದಲಿಸಿದರು. ಈ ಸಲ ಬಟ್ಟೆ ಹೋಗಿ ರೇಡಿಯೇಟರಿಗೆ ಅಂಟಿ ನಿಂತಿತು. ಕಡ್ಡಿರಾಂಪುರದ ತನಕ ಓಡಿಸಿ ತಂದು ನೋಡಿದೆವು. ನೀರು ಕುದಿಯಲಿಲ್ಲ.

"ಅಕ್ಕಾ, ಹಿಂದ್ಗಡಿ ಜಾಲರಿ ಇಲ್ಲ. ಕೈಗೀ ಇಟ್ಟಾರು, ನೋಡ್ಕೊಳ್ರಿ," ಎಂದು ಮೇಸ್ತ್ರಿ ಹೊರಡುವಾಗ ನನಗೆ ಹೇಳಿದರು. ಅವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಅವರಿಗೆ ಅಷ್ಟರಲ್ಲೇ ತಿಳಿದಿತ್ತು.

ಪೀಡೆ ತೊಲಗಿತು ಎಂದುಕೊಂಡೆ. ಗಾಡಿ ಹತ್ತಿದರೆ ನನ್ನ ಕಾಲ ಹತ್ತಿರವೇ ಆ ಕಬ್ಬಿಣದ ಫ್ಯಾನು ಬಿದ್ದಿತ್ತು. ಗುಜರಿಗೆ ಹಾಕದೆ ತಂದಿದ್ದಾನೆ. ಕಂಪ್ಲಿಯಲ್ಲಿ ಗಾಡಿ ನಿಲ್ಲಿಸಿದ್ದು ಕಮ್ಮಾರನ ಕುಲುಮೆಯ ಮುಂದೆ.

"ಇದರಾಗ ಒಂದು ಮಚ್ಚು ಬಡದು ಕೊಡು."

ಕಮ್ಮಾರ ರೆಕ್ಕೆಯನ್ನು ಉಗುರಿನಿಂದ ತಟ್ಟಿ ನೋಡಿ ನಕ್ಕ. "ಇದು ತಗಡು. ಇದರಾಗ ಚುಂಚಗ ಆದೀತು, ರೊಟ್ಟಿ ತಿರುವಿ ಹಾಕಾಕ. ಮಚ್ಚಿಗೆ ಲಾರಿ ಸ್ಪ್ರಿಂಗಿನ ಪಾಟಾ ತಗೊಂಬಾ."

"ಇದರಾಗ ಆಗಬೇಕು. ಇದು ನನ್ನ ರಕ್ತ ಕುಡದೈತಿ."

ಮಾಡಿಸುವವನು ಮಾಡಿಸಿಕೊಂಡ, ಬಡಿಯುವವನು ಬಡಿದ. ಉದ್ದ ಒಂದು ಮೊಳವೂ ಬರಲಿಲ್ಲ, ಆದರೂ ಅಂಚು ಹೊಳೆಯುತ್ತಿತ್ತು. ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಮಸೆಯತೊಡಗಿದ. ಗೋಡೆಯ ಆ ಕಡೆ ಕೇಳಿಸಲಿ ಎಂದೇ ಮಸೆಯುತ್ತಿದ್ದ. ನಾನು ಎರಡು ಸಲ ಅದನ್ನು ಕದ್ದು ಹುಲ್ಲಿನ ಬಣವೆಯೊಳಗೆ ತುರುಕಿದೆ. ಎರಡು ಸಲವೂ ನನ್ನ ಜುಟ್ಟು ಹಿಡಿದು ಎಳೆದುಕೊಂಡು ಹೋಗಿ ನನ್ನ ಕೈಯಿಂದಲೇ ತೆಗೆಸಿದ.

ಭತ್ತ ತೆನೆ ಕಟ್ಟುವ ಹೊತ್ತು. ನಾನು ಬುತ್ತಿ ತೆಗೆದುಕೊಂಡು ಗದ್ದೆಗೆ ಹೋಗುವಷ್ಟರಲ್ಲಿ ತೂಬಿನ ಹತ್ತಿರ ಇಬ್ಬರೂ ಎದುರಾಗಿದ್ದರು. ತಮ್ಮನ ಪಾಳಿ. ಅವನು ಬಗ್ಗಿ ಮಣ್ಣು ಎಳೆಯುತ್ತಿದ್ದ. ನನ್ನ ಗಂಡ ಹಿಂದಿನಿಂದ ಹೋಗಿ ಕುತ್ತಿಗೆ ನೋಡಿ ಬೀಸಿದ. ನೆರಳು ನೀರಿನಲ್ಲಿ ಕಂಡಿತೋ ಏನೋ, ತಮ್ಮ ಹೊರಳಿದ. ಏಟು ಭುಜಕ್ಕೆ ಬಿತ್ತು. ಅಂಗಿ, ಚರ್ಮ, ಒಳಗಿನ ಬಿಳಿ ಎಲ್ಲ ಒಟ್ಟಿಗೇ ತೆರೆದುಕೊಂಡವು. ಎರಡನೆಯ ಏಟಿಗೆ ತಮ್ಮ ಸಲಿಕೆ ಅಡ್ಡ ಹಿಡಿದ. ಮಚ್ಚು ರೊಟ್ಟಿಯ ಹಾಗೆ ಮಡಚಿಕೊಂಡಿತು. ಕಮ್ಮಾರ ಹೇಳಿದ್ದೇ ನಿಜ. ನನ್ನ ಗಂಡ ಆ ಮಡಚಿದ ತಗಡನ್ನೇ ಮೂರನೆಯ ಸಲ ಎತ್ತಿದಾಗ ನಾನು ಬುತ್ತಿ ಎಸೆದು, ತಮ್ಮನ ಕೈಯಿಂದ ಬಿದ್ದಿದ್ದ ಸಲಿಕೆ ಎತ್ತಿ, ಅವನ ಮೊಳಕಾಲಿನ ಮುಂದಿನ ಎಲುಬಿಗೆ ಕಾವಿನಿಂದ ಹೊಡೆದೆ. ಕಾಲುವೆಗೆ ಬಿದ್ದ. ನೀರು ಒಂದಿಷ್ಟು ದೂರ ಕೆಂಪಗೆ ಹರಿಯಿತು. ಅದರಲ್ಲಿ ಯಾರದು ಎಷ್ಟೋ.

ಆ ಸಂಜೆ ನನ್ನ ಓರಗಿತ್ತಿ, ಅಂದರೆ ತಮ್ಮನ ಹೆಂಡತಿ, ಬಂದು ರಕ್ತ ನೆನೆದ ಅಂಗಿಯನ್ನು ನನ್ನ ಹೊಸಿಲ ಮೇಲೆ ಎಸೆದಳು.

"ತೊಳಿ, ಅಕ್ಕಾ. ನಿನ್ನ ಗಂಡ ಮಾಡಿದ್ ಗಲೀಜು, ನೀನ ತೊಳಿ."

"ತೊಳೀತೀನಿ. ಜೀವ ಐತಲ್ಲ ನಿನ್ನ ಗಂಡಂದು?"

"ಐತಿ. ಆದ್ರ ನಿನ್ನ ಗಂಡಂದು ಎಷ್ಟು ದಿನ ಇರತೈತೋ ನೋಡ್ಕೊ."

ತೊಳೆದು ಒಣಗಿಸಿ ಗೋಡೆಯ ಮೇಲಿಟ್ಟೆ. ಸೀಳಿದ್ದನ್ನು ಹೊಲಿಯಲಿಲ್ಲ. ಅದು ನನ್ನ ಕೆಲಸವಲ್ಲ.

ಆಸ್ಪತ್ರೆಯಲ್ಲಿ ತಮ್ಮ ಬಾಳೆಗೊನೆ ಕಡಿಯುವಾಗ ತಾಗಿತೆಂದು ಬರೆಸಿದ್ದ. ಅಣ್ಣನನ್ನು ಉಳಿಸಲಿಕ್ಕಲ್ಲ. ಪೊಲೀಸರು ಅಣ್ಣನನ್ನು ಎಳೆದುಕೊಂಡು ಹೋದರೆ ತನ್ನ ಕೈಗೆ ಸಿಗುವುದಿಲ್ಲ ಎಂದು. ಇಬ್ಬರೂ ಒಂದೇ ತಾಯಿಯ ಹಾಲು ಕುಡಿದವರು. ಊರ ಹಿರಿಯರು ಇಬ್ಬರನ್ನೂ ಕೂರಿಸಿ ಹೇಳಿ ನೋಡಿದರು. ಇಬ್ಬರೂ ತಲೆಯಾಡಿಸಿ ಎದ್ದು ಬಂದರು. ನನ್ನ ಗಂಡ ಅಲ್ಲಿಂದ ನೇರ ಕಂಪ್ಲಿಗೆ ಹೋಗಿ ಈ ಸಲ ಲಾರಿ ಪಾಟಾದ ಮಚ್ಚು ಮಾಡಿಸಿಕೊಂಡು ಬಂದ. ಅದು ಮಡಚುವಂಥದ್ದಲ್ಲ. ನಾನು ಎರಡು ಕೈಯಲ್ಲಿ ಎತ್ತಿ ನೋಡಿದ್ದೇನೆ.

ತಮ್ಮ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ ಹಾಕಿಕೊಂಡೇ ಮತ್ತೆ ತೂಬಿಗೆ ಹೋಗಲು ಶುರು ಮಾಡಿದ. ಒಂದು ದಿನ ಅವನ ಪಾಳಿ ಇಳಿಹೊತ್ತಿಗೆ ಇತ್ತು. ಮನೆಯಲ್ಲಿ ಊಟ ಮಾಡಿ ಹೊರಡುವವನಿದ್ದ. ನನ್ನ ಗಂಡ ದೋಣಿಮಲೈನಿಂದ ಬಂದು ಗಾಡಿಯನ್ನು ಅಂಗಳಕ್ಕೆ ನುಗ್ಗಿಸಿ ನಿಲ್ಲಿಸಿದ. ಚಾವಿ ತೆಗೆದ, ಉಡದಾರಕ್ಕೆ ಕಟ್ಟಿದ. ಸೀಟಿನ ಕೆಳಗಿನಿಂದ ಮಚ್ಚು ತೆಗೆದು ಮುಂದಿನ ಮಡ್‌ಗಾರ್ಡಿನ ಮೇಲಿಟ್ಟ.

"ಇವತ್ತು ಮುಗಸ್ತೀನಿ," ಎಂದ.

"ಊಟ?" ಎಂದೆ.

"ಬಂದು ಉಣ್ತೀನಿ."

ಮನುಷ್ಯನನ್ನು ಕಡಿಯಲು ಹೊರಟವನು ಮೊದಲು ಗಾಡಿಗೆ ನೀರು ನೋಡಿದ. ಡ್ರೈವರುಗಳ ಕೈ ಹಾಗೆ ಪಳಗಿರುತ್ತದೆ. ಘಾಟಿ ಇಳಿದು ಬಂದ ಗಾಡಿಯ ನೀರು ನೋಡದೆ ಬಾಗಿಲು ದಾಟುವವರಲ್ಲ. ಬಾನೆಟ್ಟು ಎತ್ತಿ, ಹೆಗಲ ಟವೆಲ್ಲನ್ನು ಕುತ್ತಿಗೆಗೆ ಒಂದು ಸುತ್ತು ಸುತ್ತಿಕೊಂಡು, ಬಗ್ಗಿದ. ಇಂಜಿನ್ ನಿಂತಿತ್ತು. ಇಂಜಿನ್ ನಿಂತರೆ ಫ್ಯಾನು ನಿಂತಿತು ಎಂದು ಅವನ ಮೈಗೆ ಅಷ್ಟು ವರ್ಷಗಳಿಂದ ಗೊತ್ತಿತ್ತು. ಬ್ಯಾಟರಿಗೆ ತಾನೇ ಹೇಳಿ ಕೊಡಿಸಿದ ವೈರು ಆ ಮೈಗೆ ನೆನಪಿರಲಿಲ್ಲ.

ಫ್ಯಾನು ತಾನೇ ಎದ್ದಿತು. ಟವೆಲ್ಲಿನ ತುದಿ ಒಳಗೆ ಹೋಯಿತು. ಒಂದು ಕ್ಷಣದ ಹಿಂದೆ ನಿಂತಿದ್ದವನ ಮುಖ ಮರುಕ್ಷಣ ಕಾದ ರೇಡಿಯೇಟರಿಗೆ ಬಡಿದಿತ್ತು. ಬಿಡಿಸಿಕೊಳ್ಳಲು ಎಡಗೈ ಹಾಕಿದ. ಪ್ಲಾಸ್ಟಿಕ್ ರೆಕ್ಕೆ ಉಗುರು ಕಿತ್ತು, ಬೆರಳಿನ ಮಾಂಸ ಎಲುಬಿನ ತನಕ ಬಿಡಿಸಿತು. ಟವೆಲ್ಲು ಸುತ್ತಿ ಸುತ್ತಿ ಫ್ಯಾನು ಸಿಕ್ಕಿಕೊಂಡು, ತಿರುಗಲಾರದೆ, ಬಿಡಲಾರದೆ ಗುರುಗುಟ್ಟುತ್ತ ನಿಂತಿತು. ಅವನ ಕುತ್ತಿಗೆ ಬಿಗಿದಿತ್ತು. ಕೆನ್ನೆ ಸುಡುವ ವಾಸನೆ ನನ್ನ ಮೂಗಿಗೆ ಬಂತು. ನಾನು ಎಳೆದಷ್ಟೂ ಗಂಟು ಬಿಗಿಯಾಯಿತು. ನಾನು ಕೂಗಿದ್ದು ಯಾರ ಹೆಸರೋ ನನಗೆ ನೆನಪಿಲ್ಲ.

ಗೋಡೆ ಹಾರಿ ಬಂದವನು ತಮ್ಮ. ಒಂದು ಕೈ ಜೋಳಿಗೆಯಲ್ಲಿ. ಅಣ್ಣನನ್ನು ನೋಡಿದ. ಮಡ್‌ಗಾರ್ಡಿನ ಮೇಲಿನ ಮಚ್ಚು ನೋಡಿದ. ಅದು ಯಾರಿಗಾಗಿ ಅಂತ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಒಳ್ಳೆಯ ಕೈಯಲ್ಲಿ ಎತ್ತಿಕೊಂಡ.

"ಆಕಡಿ ಸರಿ, ಅತ್ತಿಗಿ," ಎಂದ.

ನಾನು ಸರಿಯಲಿಲ್ಲ. ಮೊಣಕೈಯಿಂದ ನನ್ನ ಎದೆಗೆ ಗುದ್ದಿ ಬೀಳಿಸಿದ. ನೆಲದಿಂದಲೇ ನೋಡಿದೆ. ಅಣ್ಣನ ಕುತ್ತಿಗೆಯ ಹತ್ತಿರ ಮಚ್ಚು ಇಟ್ಟು, ಚರ್ಮಕ್ಕೂ ಟವೆಲ್ಲಿಗೂ ನಡುವೆ ಅಂಚು ತೂರಿಸಿ, ಹೊರಮುಖವಾಗಿ ಒಂದೇ ಎಳೆತಕ್ಕೆ ಟವೆಲ್ಲು ಕೊಯ್ದ. ನನ್ನ ಗಂಡ ಹಿಂದಕ್ಕೆ ಬಿದ್ದು, ನೆಲಕ್ಕೆ ಕೈ ಕೊಟ್ಟು ಕೂತು, ಕತ್ತೆಯ ಹಾಗೆ ಉಸಿರೆಳೆದ. ಕೆನ್ನೆಯ ತೊಗಲು ರೇಡಿಯೇಟರಿನ ಮೇಲೇ ಇತ್ತು.

ಫ್ಯಾನು ಇನ್ನೂ ಗುರುಗುಟ್ಟುತ್ತಲೇ ಇತ್ತು. ತಮ್ಮ ಅದರ ಕಡೆ ಮಚ್ಚು ತೋರಿಸಿ ಕೇಳಿದ.

"ಚಾವಿ ಎಲ್ಲೈತೋ ಯಣ್ಣ?"

ನನ್ನ ಗಂಡ ಹರಿದ ಕೈಯಿಂದ ಸೊಂಟ ಮುಟ್ಟಿಕೊಂಡ. ಉಡದಾರದಲ್ಲಿ ಚಾವಿ ಇತ್ತು. ರಕ್ತ ಹತ್ತಿದ ಬೆರಳಿನಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿದ.

"ಯಾರು ತಿರುವಿದ್ರೋ ಈಗ? ನಾನೇನು?"

ಫ್ಯಾನಿನ ಮೋಟಾರು ಹೊಗೆಯಾಡಿ, ಫ್ಯೂಸು ಹೋಗಿ, ತಾನೇ ನಿಂತಿತು. ತಮ್ಮ ಮಚ್ಚನ್ನು ಎಲ್ಲಿಂದ ಎತ್ತಿಕೊಂಡಿದ್ದನೋ ಅಲ್ಲೇ, ಅಣ್ಣನ ಕೈಗೆ ಎಟುಕುವ ಹಾಗೆ ಇಟ್ಟ. ಬೆನ್ನು ತೋರಿಸಿ ನಡೆದ. ಈ ಸಲ ಗೋಡೆ ಹಾರಲಿಲ್ಲ, ಬಾಗಿಲಿನಿಂದ ಹೋದ, ನಿಧಾನವಾಗಿ. ನಾನು ಆ ಮಚ್ಚನ್ನೇ ನೋಡುತ್ತಿದ್ದೆ. ನನ್ನ ಗಂಡನೂ ಅದನ್ನೇ ನೋಡುತ್ತಿದ್ದ. ಬಲಗೈಯಲ್ಲಿ ಹೆಬ್ಬೆರಳು ಸೇರಿ ಉಳಿದಷ್ಟು ಬೆರಳು ಸಾಕಿತ್ತು. ಎತ್ತಲಿಲ್ಲ.

ಇದರಿಂದ ಘಾಟಿಯಲ್ಲಿ ಚಾವಿ ತಿರುಗಿರಲಿಲ್ಲ ಎಂದೇನೂ ಗೊತ್ತಾಗಲಿಲ್ಲ. ಅದು ಬೇರೆ ಫ್ಯಾನು, ಇದು ಬೇರೆ ಫ್ಯಾನು. ನಾನು ಅವನಿಗೆ ಅದನ್ನು ಹೇಳಲು ಹೋಗಲಿಲ್ಲ. ಹೇಳಿದ್ದರೆ ಮತ್ತೆ ಮಸೆಯುತ್ತಿದ್ದ.

ಕೈ ಸ್ವಲ್ಪ ಮಾಗಿದ ಮೇಲೆ ಹೊಸಪೇಟೆಗೆ ಹೋದೆವು. ಗಾಡಿ ಓಡಿಸಿದ್ದು ಬೇರೆ ಡ್ರೈವರು. ಮೇಸ್ತ್ರಿ ಸುಟ್ಟ ಕೆನ್ನೆ ನೋಡಿದರು, ಕಟ್ಟಿದ ಕೈ ನೋಡಿದರು. ಸುಟ್ಟ ಮೋಟಾರು ಬಿಚ್ಚಿ, ಗುಜರಿಯದೇ ಇನ್ನೊಂದು ಹಾಕಿ, ಹಿಂದೆ ಜಾಲರಿ ಬಡಿದು, ವೈರಿನ ತುದಿ ಹಿಡಿದು ನಿಂತರು.

"ಎಲ್ಲಿಗೆ ಕೊಡ್ಲಿ, ಅಣ್ಣಾರ?"

ನನ್ನ ಗಂಡ ಉಡದಾರದಿಂದ ಚಾವಿ ಬಿಚ್ಚಲು ನೋಡಿದ. ಎರಡು ಕೈಯಲ್ಲೂ ಆಗಲಿಲ್ಲ. ನಾನೇ ಗಂಟು ಬಿಚ್ಚಿ ಕೊಟ್ಟೆ.

"ಚಾವಿಗೆ ಕೊಡ್ರಿ," ಎಂದ.

ನನ್ನ ಗಂಡ ಸಾಯುವ ತನಕ ಅಣ್ಣ ತಮ್ಮ ಮಾತಾಡಲಿಲ್ಲ. ಪಾಳಿ ಮುರಿಯಲಿಲ್ಲ, ಅಷ್ಟೇ. ಮಚ್ಚು ನನ್ನ ಅಡುಗೆಮನೆಯಲ್ಲಿದೆ. ತೆಂಗಿನಕಾಯಿಗೆ ಭಾರ ಜಾಸ್ತಿ, ಕಟ್ಟಿಗೆ ಸೀಳಲು ಚೆನ್ನಾಗಿದೆ.